ಮೆಣಸಿನ ಗಿಡದ ನುಸಿ: ಔಷಧ ಹೊಡೆಯುವ ಮುನ್ನ

ಹಾವೇರಿ, ಧಾರವಾಡ, ಬೆಳಗಾವಿ ಕಡೆಯ ಒಕ್ಕಲುತನದ ಜೈನ ಮನೆಗಳಲ್ಲಿ ಮೆಣಸಿನ ಗಿಡಕ್ಕೆ ಮುಟುರು ಬಂದಾಗ ಒಂದು ಪ್ರಶ್ನೆ ಏಳುತ್ತದೆ: ಔಷಧ ಹೊಡೆದರೆ ಹಿಂಸೆ, ಬಿಟ್ಟರೆ ಬೆಳೆ ಹೋಯಿತು. ಕೃಷಿ ಭಗವಾನ್ ಆದಿನಾಥರು ಕಲಿಸಿದ ಷಟ್ಕರ್ಮಗಳಲ್ಲಿ ಒಂದು. ಗೃಹಸ್ಥನು ಸಂಕಲ್ಪೀ ಹಿಂಸೆಯನ್ನು ತ್ಯಜಿಸಬೇಕು, ಉದ್ಯೋಗದಲ್ಲಿ ಆಗುವ ಹಿಂಸೆಯನ್ನು ಯತ್ನಾಚಾರದಿಂದ ಕಡಿಮೆ ಮಾಡಬೇಕು. ಕೊಲ್ಲಲೆಂದೇ ಹೊಡೆಯುವ ಔಷಧ ಇವೆರಡರಲ್ಲಿ ಯಾವುದಕ್ಕೆ ಸೇರುತ್ತದೆ ಎಂಬುದು ಸುಲಭದ ಮಾತಲ್ಲ. ವ್ರತಿಗಳು ಮುನಿಗಳನ್ನೇ ಕೇಳುವುದು ಒಳ್ಳೆಯದು. ಅನಗತ್ಯವಾಗಿ ಹೊಡೆಯುವುದಂತೂ ಯಾವ ಲೆಕ್ಕದಲ್ಲೂ ಸರಿಯಲ್ಲ.

ಎಲೆ ಮೇಲ್ಮುಖವಾಗಿ ದೋಣಿಯಂತೆ ಮಡಚಿದ್ದರೆ ಅದು ಥ್ರಿಪ್ಸ್. ಕೆಳಮುಖವಾಗಿ ಮುದುಡಿ, ತೊಟ್ಟು ಉದ್ದವಾಗಿದ್ದರೆ ನುಸಿ. ನುಸಿಗೆ ಎಂಟು ಕಾಲು. ಅದು ಕೀಟವಲ್ಲ, ಜೇಡನ ಬಳಗ. ಹೆಚ್ಚಿನ ಕೀಟನಾಶಕಗಳಿಗೆ ಅದು ಬಗ್ಗುವುದಿಲ್ಲ. ಪೈರೆಥ್ರಾಯ್ಡ್ ಗುಂಪಿನ ಔಷಧ ಹೊಡೆದರೆ ನುಸಿಯನ್ನು ತಿನ್ನುವ ಜೀವಿಗಳೇ ಸತ್ತು ಪೀಡೆ ಇನ್ನೂ ಹೆಚ್ಚಬಹುದು. ಅಷ್ಟು ಜೀವಗಳೂ ಹೋದವು, ದುಡ್ಡೂ ದಂಡ.

ಹೊಡೆಯಲೇಬೇಕಾದರೆ ನೀರಿನಲ್ಲಿ ಕರಗುವ ಗಂಧಕ, ಲೀಟರಿಗೆ 3 ಗ್ರಾಂ. ಎಲೆಯ ತಳಭಾಗ ತೋಯಬೇಕು. ಜೇನ್ನೊಣ ಗೂಡು ಸೇರುವ ಸಂಜೆಯೇ ಸರಿಯಾದ ಹೊತ್ತು. ಉರಿಬಿಸಿಲಲ್ಲಿ ಗಂಧಕ ಎಲೆಯನ್ನೇ ಸುಡುತ್ತದೆ, ಬೇವಿನ ಎಣ್ಣೆಯೊಂದಿಗೆ ಬೆರೆಸಲೂಬಾರದು. ಹಿಂದೆ ಬಳಸುತ್ತಿದ್ದ ಡೈಕೋಫಾಲ್ 2023ರಲ್ಲಿ ದೇಶದಲ್ಲೇ ನಿಷೇಧವಾಗಿದೆ. ಹಳೇ ಡಬ್ಬಿ ಮನೆಯಲ್ಲಿದ್ದರೆ ಬಳಸಬೇಡಿ, ಬಾವಿ ಹಳ್ಳಕ್ಕೂ ಸುರಿಯಬೇಡಿ. ಪಂಪು ಹೊರುವುದು ಹೆಚ್ಚಾಗಿ ಕೂಲಿಯವರು. ಕೈಗವಸು, ಮುಖಗವಸು ಅವರಿಗೆ ಮೊದಲು ಕೊಡಿ.