ವಿಹಾರಕ್ಕೂ ಮೀನುಗಾರಿಕೆಗೂ ಒಂದೇ ದೋಣಿ

ಕಾಸರಗೋಡು ಸೀಮೆಯಲ್ಲಿ ಹೊಳೆಯ ಹಂಗಿಲ್ಲದ ಊರು ಕಡಮೆ. ಮಂಜೇಶ್ವರ, ಉಪ್ಪಳ, ಶಿರಿಯ, ಕುಂಬಳೆ, ಮೊಗ್ರಾಲು, ಚಂದ್ರಗಿರಿ ಎಂದು ಬಡಗಿನಿಂದ ತೆಂಕಿಗೆ ಎಣಿಸುತ್ತ ಬಂದರೆ ಒಂದರ ಸದ್ದು ಅಡಗುವ ಮೊದಲೇ ಇನ್ನೊಂದು ಎದುರಾಗುತ್ತದೆ. ಸುಳ್ಯದ ಕಡೆಯಿಂದ ಬಂಡೆಗಳ ನಡುವೆ ಹಾರಿಬರುವ ಪಯಸ್ವಿನಿಯು ಕಡಲ ಬಳಿ ಚಂದ್ರಗಿರಿಯೆನಿಸಿಕೊಂಡು, ತೆಂಗಿನ ತೋಟಗಳ ಮಗ್ಗುಲಲ್ಲಿ ಅಗಲವಾಗಿ, ಸಾವಧಾನವಾಗಿ ಹರಿಯುತ್ತದೆ. ಸೇತುವೆಗಳು ಬರುವ ಮೊದಲು ಈ ಹೊಳೆಗಳನ್ನು ದಾಟುವುದಕ್ಕೆ ಕಡವಿನ ದೋಣಿಯೊಂದೇ ಗತಿ. ಈಗ ಆ ಅವಶ್ಯಕತೆ ಬಹುಮಟ್ಟಿಗೆ ಇಲ್ಲ. ಆದರೆ ಹೊಳೆಯ ದಂಡೆಯ ಮನೆಗಳಲ್ಲಿ ಬೇರೊಂದು ಆಸೆ ಹುಟ್ಟಿಕೊಂಡಿದೆ. ರಜೆಯ ದಿನ ಮಕ್ಕಳನ್ನು ಕೂರಿಸಿಕೊಂಡು ಒಂದು ಸುತ್ತು ಬರಬೇಕು. ಸಂಜೆಯ ಹೊತ್ತಿಗೆ ಗಾಳ ಹಾಕಿ ನಾಲ್ಕು ಕಾಣೆಯನ್ನೋ ಕರಿಮೀನನ್ನೋ ಹಿಡಿಯಬೇಕು. ಎರಡಕ್ಕೂ ಒಂದೇ ದೋಣಿ ಸಾಕಾಗಬೇಕು. ಇದು ಆಗತಕ್ಕ ಮಾತೆ? ಆಗುತ್ತದೆ. ಆದರೆ ದೋಣಿಯನ್ನು ಕೊಳ್ಳುವವರು ಬಣ್ಣವನ್ನೂ ಬೆಲೆಯನ್ನೂ ನೋಡುವ ಮೊದಲು ಈ ಎರಡು ಕೆಲಸಗಳು ಒಂದಕ್ಕೊಂದು ಎಲ್ಲಿ ವಿರೋಧವಾಗಿವೆ ಎಂಬುದನ್ನು ತಿಳಿದಿರಬೇಕು.

ಮೀನಿನ ದೋಣಿಯ ಹೊರೆ ಅದರ ತಳದಲ್ಲಿರುತ್ತದೆ. ಬಲೆ, ಮಂಜುಗಡ್ಡೆ, ಹಿಡಿದ ಮೀನು ಇವೆಲ್ಲ ಕೆಳಗೆ ಬಿದ್ದುಕೊಂಡಿರುವುವು, ಅಲುಗಾಡುವುದಿಲ್ಲ. ಹೊರೆ ಹೆಚ್ಚಿದಂತೆಲ್ಲ, ಒಂದು ಮಿತಿಯವರೆಗೆ, ಅಂಥ ದೋಣಿ ಇನ್ನಷ್ಟು ನೆಟ್ಟಗೆ ನಿಲ್ಲುತ್ತದೆ. ವಿಹಾರದ ದೋಣಿಯ ಹೊರೆಯಾದರೋ ಮನುಷ್ಯರು. ಮನುಷ್ಯನ ಭಾರ ಮೇಲುಗಡೆ ಇರುತ್ತದೆ, ಅಷ್ಟೇ ಅಲ್ಲ, ಅದು ಎದ್ದು ನಿಲ್ಲುತ್ತದೆ, ಬಗ್ಗುತ್ತದೆ, "ಅಗೋ ನೀರುಕಾಗೆ!" ಎಂದು ಯಾರಾದರೂ ಕೂಗಿದರೆ ಒಟ್ಟಾಗಿ ಒಂದೇ ಬದಿಗೆ ಓಡುತ್ತದೆ. ಮೀನಿನ ಬುಟ್ಟಿಗೆ ಇಂಥ ಚಪಲವಿಲ್ಲ. ಆದುದರಿಂದ ಐನೂರು ಕಿಲೋಗ್ರಾಂ ಮೀನನ್ನು ಸುಖವಾಗಿ ಹೊರುವ ದೋಣಿ ಐನೂರು ಕಿಲೋಗ್ರಾಂ ತೂಕದ ಜನರನ್ನೂ ಅಷ್ಟೇ ಸುಖವಾಗಿ ಹೊತ್ತೀತು ಎಂದು ಭಾವಿಸತಕ್ಕದ್ದಲ್ಲ.

ಈ ಭಾವನೆಗೆ ನಮ್ಮ ಕೇರಳ ರಾಜ್ಯ ತೆತ್ತ ಬೆಲೆ ದೊಡ್ಡದು. 2023ನೆಯ ಇಸವಿ ಮೇ 7ರಂದು ಮಲಪ್ಪುರಂ ಜಿಲ್ಲೆಯ ತಾನೂರಿನ ಬಳಿ, ಹೊಳೆಯು ಕಡಲನ್ನು ಸೇರುವ ತಾಣದಲ್ಲಿ, ಕತ್ತಲಾದ ಮೇಲೆ ಹೊರಟ ಎರಡು ಅಂತಸ್ತಿನ ವಿಹಾರದೋಣಿಯೊಂದು ಮಗುಚಿ 22 ಮಂದಿ ಮೃತರಾದರು. ಅವರಲ್ಲಿ ಹಲವರು ಮಕ್ಕಳು. ಅದು ಮೀನುಗಾರಿಕೆಯ ದೋಣಿಯನ್ನು ಮಾರ್ಪಡಿಸಿ ಮಾಡಿದ ವಾಹನವೆಂದೂ, ಅದರಲ್ಲಿ ಹಿಡಿಸಬೇಕಾದುದಕ್ಕಿಂತ ಹೆಚ್ಚು ಜನರಿದ್ದರೆಂದೂ ಆಗ ವರದಿಯಾಯಿತು. ಅದಕ್ಕೂ ಮೊದಲು, 2007ರ ಫೆಬ್ರವರಿ 20ರಂದು, ಪೆರಿಯಾರ್ ನದಿಯ ತಟ್ಟೇಕ್ಕಾಡಿನಲ್ಲಿ ಶಾಲಾ ಪ್ರವಾಸದ ದೋಣಿ ಮುಳುಗಿ 18 ಜೀವಗಳು ಹೋದುವು. ಅವರಲ್ಲಿ 15 ಮಂದಿ ನಮ್ಮ ವಿದ್ಯಾರ್ಥಿಗಳಂಥ ವಿದ್ಯಾರ್ಥಿಗಳೇ. ಎರಡು ಕಡೆಯೂ ಬಿರುಗಾಳಿಯಿರಲಿಲ್ಲ. ಹೊಳೆಗೆ ಪ್ರವಾಹ ಬಂದಿರಲಿಲ್ಲ. ಇಂಥ ಸಂಗತಿಗಳನ್ನು ವಿಧಿಯ ಮೇಲೆ ಹಾಕಿ ಸುಮ್ಮನಾಗುವುದು ನಮ್ಮ ಜನರ ರೂಢಿ. ಆದರೆ ದೋಣಿ ಮಗುಚುವುದು ಲೆಕ್ಕಕ್ಕೆ ಸಿಗುವ ವಿಷಯ. ಎಂಟನೆಯ ತರಗತಿಯ ಹುಡುಗನೂ ಆ ಲೆಕ್ಕವನ್ನು ಮಾಡಬಲ್ಲನು.

ನೀರಿನಲ್ಲಿ ತೇಲುವ ವಸ್ತುವು ತನ್ನ ತೂಕದಷ್ಟು ನೀರನ್ನು ಪಕ್ಕಕ್ಕೆ ಸರಿಸುತ್ತದೆ ಎಂಬ ಆರ್ಕಿಮಿಡೀಸನ ತತ್ತ್ವವನ್ನು ಎಲ್ಲರೂ ಓದಿರುವರು. ಐದು ಮೀಟರು ಉದ್ದ, ಒಂದೂವರೆ ಮೀಟರು ಅಗಲದ ಒಂದು ದೋಣಿಯಿದೆಯೆನ್ನೋಣ. ಎರಡು ತುದಿಗಳೂ ಚೂಪಾಗಿರುವುದರಿಂದ ನೀರಿನ ಮಟ್ಟದಲ್ಲಿ ಅದು ಆವರಿಸುವ ಜಾಗ ಏಳೂವರೆಯಲ್ಲ, ಸುಮಾರು ಐದು ಚದರ ಮೀಟರು. ಅದು ಒಂದು ಸೆಂಟಿಮೀಟರಿನಷ್ಟು ಕೆಳಗಿಳಿದರೆ ಐವತ್ತು ಲೀಟರು ನೀರು ಸರಿಯುತ್ತದೆ. ಐವತ್ತು ಲೀಟರು ನೀರೆಂದರೆ ಐವತ್ತು ಕಿಲೋಗ್ರಾಂ. ಅಂದರೆ ಹದವಾದ ಮೈಕಟ್ಟಿನ ಒಬ್ಬರು ಹತ್ತಿದಾಗಲೆಲ್ಲ ದೋಣಿಯು ಹೆಚ್ಚುಕಡಮೆ ಒಂದು ಸೆಂಟಿಮೀಟರು ಇಳಿಯುತ್ತದೆ. ಎಂಜಿನು, ಎಣ್ಣೆ, ಲಂಗರು, ಬಲೆ ಸೇರಿ ನೂರು ಕಿಲೋಗ್ರಾಂ ಆದರೆ ಇನ್ನೆರಡು ಸೆಂಟಿಮೀಟರು. ಬರಿದಾದ ದೋಣಿಯ ಅಂಚು ನೀರಿನಿಂದ ನಲವತ್ತು ಸೆಂಟಿಮೀಟರು ಎತ್ತರವಿದ್ದರೆ ಆರು ಮಂದಿಯ ಸಂಸಾರ ಹತ್ತಿದ ಮೇಲೂ ಮೂವತ್ತಕ್ಕೂ ಹೆಚ್ಚು ಉಳಿದಿರುತ್ತದೆ; ಇದು ಚೆನ್ನಾಯಿತು. ಮದುವೆಯ ಮನೆಗೆ ಬಂದ ನೆಂಟರನ್ನೆಲ್ಲ ತುಂಬಿದರೆ ಏನಾದೀತೆಂಬುದನ್ನು ಓದುಗರೇ ಕಳೆದು ನೋಡಬಹುದು. ದೋಣಿ ವಾಲಿದಾಗ ಒಂದು ಬದಿಯ ಅಂಚು ಲೆಕ್ಕಕ್ಕಿಂತಲೂ ಬಹಳ ಕೆಳಗಿಳಿಯುವುದೆಂಬುದು ನೆನಪಿರಲಿ. ಉಪ್ಪುನೀರಿಗಿಂತ ಸಿಹಿನೀರು ಹಗುರವಾದ ಕಾರಣ, ಕಡಲಿನಿಂದ ಹೊಳೆಗೆ ಬಂದ ದೋಣಿ ಅದೇ ಹೊರೆಯಲ್ಲಿಯೂ ಕೊಂಚ ಹೆಚ್ಚು ಮುಳುಗುವುದು ಎಂಬುದು ವಿಜ್ಞಾನದ ವಿದ್ಯಾರ್ಥಿಗಳಿಗೆ ರುಚಿಸಬಹುದಾದ ಇನ್ನೊಂದು ಸೂಕ್ಷ್ಮ.

ಅಗಲದ ಮಹಿಮೆ ಇದಕ್ಕಿಂತ ದೊಡ್ಡದು. ಒಂದೇ ಉದ್ದದ ಎರಡು ದೋಣಿಗಳಲ್ಲಿ ಒಂದರ ಅಗಲ ಇನ್ನೊಂದಕ್ಕಿಂತ ಇಮ್ಮಡಿಯಾದರೆ, ವಾಲುವಿಕೆಯನ್ನು ತಡೆಯುವಲ್ಲಿ ನೀರಿನ ಮಟ್ಟದ ಆಕಾರದಿಂದ ಬರುವ ಬಲವು ಇಮ್ಮಡಿಯಲ್ಲ, ಎಂಟು ಮಡಿಯಾಗುತ್ತದೆ. ಅಗಲವನ್ನು ಮೂರು ಸಲ ಗುಣಿಸಿಕೊಳ್ಳಬೇಕು. ಒಂದೇ ಮರವನ್ನು ಕೊರೆದು ಮಾಡಿದ ಕಿರಿದಾದ ದೋಣಿಯಲ್ಲಿ ಹೊಸಬನು ಕಾಲಿಟ್ಟೊಡನೆ ಅದು ಹೊರಳುವುದಕ್ಕೂ, ಹಲಗೆ ಜೋಡಿಸಿದ ಅಗಲವಾದ ದೋಣಿಯಲ್ಲಿ ಅಜ್ಜಿಯೂ ನಿರ್ಭಯವಾಗಿ ನಡೆದಾಡುವುದಕ್ಕೂ ಇದೇ ಕಾರಣ. ಬೀಸುಬಲೆಯನ್ನು ಎಸೆಯುವವನು ದೋಣಿಯ ಮೂತಿಯಲ್ಲಿ ಎದ್ದು ನಿಂತು ಇಡೀ ಮೈಯನ್ನು ತಿರುಗಿಸಬೇಕಾಗುವುದು. ಹುಟ್ಟಾ ಬೆಸ್ತನಿಗೆ ಕಿರಿದಾದ ದೋಣಿಯಲ್ಲಿಯೂ ಇದು ಸಾಧ್ಯ, ನಮಗೆ ಸಾಧ್ಯವಲ್ಲ. ವಿಹಾರವೂ ಮೀನೂ ಎರಡೂ ಬೇಕೆಂಬವರು ಉದ್ದದಲ್ಲಿ ಒಂದಡಿ ಬಿಟ್ಟುಕೊಟ್ಟಾದರೂ ಅಗಲವನ್ನು ಗಳಿಸಿಕೊಳ್ಳಬೇಕು.

ಇನ್ನು ತಳದ ಆಕಾರ. ಚಪ್ಪಟೆ ತಳದ ದೋಣಿ ಮೊಣಕಾಲು ನೀರಿನಲ್ಲಿಯೂ ತೇಲುತ್ತದೆ, ನಿಂತಲ್ಲಿ ಅಲುಗುವುದಿಲ್ಲ. ಆದರೆ ಅಲೆಯೆದ್ದರೆ ತಳ ಪಟಪಟನೆ ಬಡಿದು ಬೆನ್ನುಮೂಳೆಗೆ ಪೆಟ್ಟು. ನೇಗಿಲಿನ ಗುಳದಂತೆ ಚೂಪಾದ ತಳ ಅಲೆಯನ್ನು ಸೀಳಿಕೊಂಡು ಹೋಗುತ್ತದೆ. ಆದರೆ ಗಾಳ ಹಾಕಿ ನಿಲ್ಲಿಸಿದಾಗ ತೊಟ್ಟಿಲಿನಂತೆ ತೂಗುತ್ತದೆ, ಮರಳುದಿಬ್ಬಗಳಲ್ಲಿ ಸಿಕ್ಕಿಕೊಳ್ಳುತ್ತದೆ. ನಮ್ಮ ಹಿನ್ನೀರುಗಳಿಗೆ ಒಪ್ಪುವುದು ಇವೆರಡರ ನಡುವಿನ ಸಂಧಾನ: ಮುಂದುಗಡೆ ತಕ್ಕಮಟ್ಟಿಗೆ ಚೂಪು, ಹಿಂದೆ ಹೋದಂತೆ ಚಪ್ಪಟೆ.

ಯಾವ ವಸ್ತುವಿನಿಂದ ಮಾಡಿದ್ದು ಬೇಕು? ಹಿಂದೆ ಈ ಪ್ರಶ್ನೆಯೇ ಇರಲಿಲ್ಲ. ಹೆಬ್ಬಲಸು ಅಥವಾ ಮಾವು. ಒಬ್ಬ ಒಳ್ಳೆಯ ಆಚಾರಿ. ಹಲಗೆಗಳನ್ನು ಬಿಗಿಯಲು ತೆಂಗಿನ ನಾರಿನ ಹುರಿ ಅಥವಾ ಮೊಳೆ. ಮರದ ದೋಣಿಗೆ ಎರಡು ವೈರಿಗಳು. ಮಳೆಬಿಸಿಲುಗಳಿಂದ ಬರುವ ಕೊಳೆ ಒಂದು. ಉಪ್ಪುನೀರಿನ ಕೊರೆಹುಳು ಇನ್ನೊಂದು. ಹುಳುವೆಂದು ಹೇಳುವುದು ಮಾತಿನ ರೂಢಿ. ನಿಜಕ್ಕೂ ಅದು ಮರುವಾಯಿಯ ದಾಯಾದಿ, ಚಿಪ್ಪಿನ ಜೀವಿ. ಎರಡು ಸಣ್ಣ ಚಿಪ್ಪುಗಳನ್ನು ಅರದಂತೆ ಉಜ್ಜಿ ಮರದೊಳಗೆ ಸುರಂಗ ತೋಡಿಕೊಂಡು ಹೋಗುತ್ತದೆ. ಹೊರಗಿನಿಂದ ನೋಡಿದರೆ ಸೂಜಿಮೊನೆಯಷ್ಟು ತೂತು, ಒಳಗೆ ಜೇನುಗೂಡು. ಗೇರುಬೀಜದ ಸಿಪ್ಪೆಯ ಎಣ್ಣೆಯನ್ನೂ ಮೀನೆಣ್ಣೆಯನ್ನೂ ಹಚ್ಚುವ ನಮ್ಮವರ ಪದ್ಧತಿ ಇವೆರಡು ವೈರಿಗಳನ್ನು ತಡೆಯುವುದಕ್ಕಾಗಿಯೇ ಬೆಳೆದುಬಂದುದು. 1957ರಲ್ಲಿ ಕೊಚ್ಚಿಯಲ್ಲಿ ಸ್ಥಾಪಿತವಾದ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆಯು ರಬ್ಬರು ಮರ, ತೆಂಗಿನ ಮರಗಳಂಥ ಅಗ್ಗದ ಮರಗಳಿಂದ ದೋಣಿಯನ್ನು ಮಾಡಿ, ಹೊರಗೆ ಫೈಬರ್‌ಗ್ಲಾಸಿನ ಕವಚವನ್ನು ತೊಡಿಸುವ ಪ್ರಯೋಗಗಳನ್ನು ನಡೆಸಿದೆ. ದೊಡ್ಡ ಮರಗಳು ದುರ್ಲಭವಾದ ಈ ಕಾಲದಲ್ಲಿ ಇದು ಗಮನಾರ್ಹವಾದ ಕೆಲಸ.

ಈಗ ಹೆಚ್ಚಾಗಿ ಕಾಣುವುದು ಪೂರ್ತಿ ಫೈಬರ್‌ಗ್ಲಾಸಿನ ದೋಣಿ. ಗಾಜಿನ ನೂಲಿನ ಚಾಪೆಯನ್ನು ಅಚ್ಚಿನ ಮೇಲೆ ಹಾಸಿ, ರಾಳವನ್ನು ಸವರಿ, ಪದರದ ಮೇಲೆ ಪದರವಾಗಿ ಅದನ್ನು ಕಟ್ಟುವರು. ಹುಳು ಮುಟ್ಟದು, ಕೊಳೆಯದು. ನಾಲ್ಕು ಜನ ಸೇರಿ ದಡಕ್ಕೆ ಎಳೆಯಬಹುದು. ಸಂಸಾರಸ್ಥರಿಗೆ ನಾನು ಇದನ್ನೇ ಶಿಫಾರಸು ಮಾಡುವೆನು. ಆದರೆ ಒಂದು ಭೇದವನ್ನು ಮರೆಯಲಾಗದು. ಮರವು ನೀರಿಗಿಂತ ಹಗುರ. ನೀರು ತುಂಬಿದ ಮರದ ದೋಣಿ ಸಾಮಾನ್ಯವಾಗಿ ಅರೆಮುಳುಗಿಯಾದರೂ ತೇಲುತ್ತಿರುತ್ತದೆ, ಹಿಡಿದುಕೊಳ್ಳಲು ಆಸರೆಯಾಗುತ್ತದೆ. ಫೈಬರ್‌ಗ್ಲಾಸು ನೀರಿಗಿಂತ ಭಾರ. ನೀರು ತುಂಬಿದರೆ ಅದು ಎಂಜಿನಿನೊಡನೆ ನೇರವಾಗಿ ತಳ ಸೇರುತ್ತದೆ, ಒಳಗೆ ಗಾಳಿಕೋಣೆ ಅಥವಾ ನೊರೆ ತುಂಬಿದ ಪೆಟ್ಟಿಗೆಗಳಿಲ್ಲದಿದ್ದಲ್ಲಿ. ಆ ಪೆಟ್ಟಿಗೆಗಳು ಎಲ್ಲಿವೆಯೆಂದು ಮಾರುವವನನ್ನು ಕೇಳಬೇಕು. ಅವನು ಬೆರಳಿಟ್ಟು ತೋರಿಸಲಾರದೆ ಹೋದರೆ ಆ ದೋಣಿ ಎಷ್ಟೇ ಅಗ್ಗವಾದರೂ ಬೇಡ. ಅಲ್ಯುಮಿನಿಯಂ ದೋಣಿಗಳೂ ಇವೆ. ಹಗುರ, ಗಟ್ಟಿ, ಆದರೆ ಉಪ್ಪುನೀರಿನಲ್ಲಿ ತಾಮ್ರವೋ ಹಿತ್ತಾಳೆಯೋ ತಗುಲಿದೆಡೆಯಲ್ಲಿ ಸವೆಯುತ್ತವೆ, ನಮ್ಮ ಬಿಸಿಲಿಗೆ ಕಾವಲಿಯಂತೆ ಕಾಯುತ್ತವೆ.

ಎಂಜಿನು ದೊಡ್ಡದಿದ್ದಷ್ಟು ಒಳ್ಳೆಯದೆಂದು ಹುಡುಗರು ವಾದಿಸುವರು. ನೀರನ್ನು ಸೀಳಿ ಸಾಗುವ ದೋಣಿಗೆ ಅದರ ಉದ್ದವೇ ವೇಗದ ಮಿತಿಯನ್ನು ಕಟ್ಟಿಕೊಟ್ಟಿದೆ. ಹದಿನಾರು ಅಡಿಯ ದೋಣಿಗೆ ಅದು ಗಂಟೆಗೆ ಸುಮಾರು ಹತ್ತು ಕಿಲೋಮೀಟರು. ಅದಕ್ಕಿಂತ ಮುಂದೆ ದೋಣಿಯು ತಾನೇ ಎಬ್ಬಿಸಿದ ಅಲೆಯನ್ನು ತಾನೇ ಹತ್ತಬೇಕಾಗುವುದರಿಂದ ಎಣ್ಣೆ ಮಾತ್ರ ಸುರಿಯುತ್ತದೆ, ವೇಗ ಅಷ್ಟಾಗಿ ಏರದು. ವೇಗವಾಗಿ ನೀರಿನ ಮೇಲೆಯೇ ಜಾರಿ ಹೋಗುವ ದೋಣಿಗಳ ಕಟ್ಟಡ ಬೇರೆ, ಖರ್ಚು ಬೇರೆ. ಮೀನಿಗಾಗಿ ಮೆಲ್ಲಗೆ ಸಾಗಬೇಕಾದವನಿಗೆ ಅದರ ಗೊಡವೆ ಬೇಡ. ಹಿಂಬದಿಗೆ ತಗುಲಿಸುವ ಸಣ್ಣ ಔಟ್‌ಬೋರ್ಡ್ ಎಂಜಿನು ಸಾಕು. ಮರಳು ತಗುಲಿದಾಗ ಅದನ್ನು ಮೇಲಕ್ಕೆ ಮಡಚಬಹುದು. ಎಂಜಿನಿನ ನಿಲುಗಡೆಯ ಹುರಿಯನ್ನು ನಡೆಸುವವನು ಮಣಿಕಟ್ಟಿಗೆ ಕಟ್ಟಿಕೊಂಡಿರಬೇಕು. ಅವನು ನೀರಿಗೆ ಬಿದ್ದರೆ ಎಂಜಿನು ತಾನಾಗಿ ನಿಲ್ಲುವುದು. ಜೊತೆಗೆ ಎರಡು ಹುಟ್ಟುಗಳಿರಲಿ. ಎಂಜಿನು ಕೆಡುವುದು ಯಾವಾಗಲೂ ಮನೆಯಿಂದ ಅತ್ಯಂತ ದೂರದಲ್ಲಿಯೇ!

ಒಳಗಿನ ಏರ್ಪಾಟಿನಲ್ಲಿ ಎರಡು ಕೆಲಸಗಳನ್ನು ಹೊಂದಿಸುವುದು ಸುಲಭ. ಅಡ್ಡಹಲಗೆಗಳು ತಗ್ಗಾಗಿಯೂ ಕಳಚುವಂತೆಯೂ ಇರಲಿ. ಬಲೆಗೆ ಜಾಗ ಬೇಕಾದಾಗ ತೆಗೆದಿಟ್ಟರಾಯಿತು. ನೆರಳಿಗೆ ಬಟ್ಟೆಯ ಚಪ್ಪರವನ್ನು ಮಾತ್ರ ಕಟ್ಟಬೇಕು, ಗಾಳಿ ಬಂದೊಡನೆ ಸುತ್ತಿಡುವಂತಿರಬೇಕು. ಮೇಲಂತಸ್ತು ಕೂಡದು. ಗಾಳಗಳನ್ನು ಬೆಂಡಿಗೆ ಚುಚ್ಚಿ ಡಬ್ಬಿಯಲ್ಲಿಡದಿದ್ದರೆ ಮೊದಲ ಗಾಳಕ್ಕೆ ಸಿಕ್ಕುವುದು ಮಗುವಿನ ಅಂಗಾಲು. ತಳವನ್ನು ತೊಳೆದು ನೀರು ಬಸಿಯುವಂತೆ ತೂತೂ ಬಿರಡೆಯೂ ಬೇಕು. ಇಲ್ಲವಾದರೆ ಭಾನುವಾರ ಬಂದ ಸಸ್ಯಾಹಾರಿ ನೆಂಟರು ಮೂಗು ಮುಚ್ಚಿಕೊಂಡೇ ವಿಹಾರವನ್ನು ಮುಗಿಸಬೇಕಾದೀತು.

ತೇಲುವ ಅಂಗಿಗಳನ್ನು ದೋಣಿಯ ಬೆಲೆಯಲ್ಲಿಯೇ ಸೇರಿಸಿಕೊಳ್ಳಬೇಕು. ತಲೆಗೊಂದು; ಮಕ್ಕಳಿಗೆ ಅವರವರ ತೂಕಕ್ಕೆ ತಕ್ಕುದು, ಕಾಲುಗಳ ನಡುವೆ ಪಟ್ಟಿಯಿರುವುದು. ದೊಡ್ಡವರ ಅಂಗಿಯನ್ನು ಮಗುವಿಗೆ ತೊಡಿಸಿದರೆ ನೀರಿನಲ್ಲಿ ಅಂಗಿ ಮೇಲೇರಿ ಮಗು ಕೆಳಗೆ ಜಾರುವುದು. ಅವನ್ನು ತೊಟ್ಟೇ ದೋಣಿಯನ್ನು ಹತ್ತಬೇಕು; ಮೂಲೆಯಲ್ಲಿ ಗಂಟುಕಟ್ಟಿಟ್ಟ ಅಂಗಿ ಯಾರನ್ನೂ ತೇಲಿಸಿದ್ದಿಲ್ಲ.

ಎಂಥ ಒಳ್ಳೆಯ ದೋಣಿಗೂ ಸಲ್ಲದ ಜಾಗವೊಂದಿದೆ; ಅದು ಅಳಿವೆ. ಇಳಿತದ ಹೊತ್ತಿನಲ್ಲಿ ಹೊಳೆಯ ಸೆಳೆತ ಹೊರಕ್ಕೆ, ಕಡಲಿನ ಅಲೆ ಒಳಕ್ಕೆ. ಇವೆರಡೂ ಮರಳಿನ ದಿಬ್ಬದ ಮೇಲೆ ಎದುರಾದಾಗ ಅಲೆಗಳು ಒತ್ತಾಗಿ ನೆಟ್ಟಗೆದ್ದು ಒಡೆಯುತ್ತವೆ. ಭರತ ಇಳಿತಗಳು ದಿನಕ್ಕೆ ಸುಮಾರು ಐವತ್ತು ನಿಮಿಷದಷ್ಟು ತಡವಾಗುತ್ತ ಹೋಗುವುದರಿಂದ ಕಳೆದ ಭಾನುವಾರ ಸಲೀಸಾಗಿದ್ದ ದಾರಿ ಈ ಭಾನುವಾರ ಅದೇ ಗಂಟೆಗೆ ಹಾಗಿರುವುದಿಲ್ಲ. ಸಂಸಾರದ ದೋಣಿಯು ಅಳಿವೆಯಿಂದ ದೂರ, ಹಿನ್ನೀರಿನಲ್ಲಿಯೇ ಇರತಕ್ಕದ್ದು. ಬಂಗುಡೆ ಬೂತಾಯಿಗಳ ಆಸೆಯನ್ನು ಅದರಿಂದ ತೀರಿಸಿಕೊಳ್ಳಲಾಗದು. ಅದಕ್ಕೆ ಕಡಲನ್ನು ಬಲ್ಲವರ ದೋಣಿಗಳಿವೆ, ಪೇಟೆಯಲ್ಲಿ ಮೀನೂ ಇದೆ.

ಯಂತ್ರ ಹೂಡಿದ ದೋಣಿಯನ್ನು ಒಳನಾಡಿನ ನೀರಿನಲ್ಲಿ ನಡೆಸುವುದಕ್ಕೆ 2021ರ ಒಳನಾಡು ಜಲಯಾನ ಕಾಯಿದೆಯೂ, ಕಡಲಿನಲ್ಲಿ ಮೀನು ಹಿಡಿಯುವುದಕ್ಕೆ 1980ರ ಕೇರಳದ ಸಮುದ್ರ ಮೀನುಗಾರಿಕಾ ನಿಯಂತ್ರಣ ಕಾಯಿದೆಯೂ ಅನ್ವಯಿಸುತ್ತವೆ. ಕೊಳ್ಳುವ ಮೊದಲೇ ನೋಂದಣಿಯ ವಿಚಾರವನ್ನು ಕಚೇರಿಯಲ್ಲಿ ವಿಚಾರಿಸಿಕೊಳ್ಳುವುದು ಲೇಸು.

ಹಳೆಯ ದೋಣಿಯನ್ನು ಕೊಳ್ಳುವವರು ದಡದಲ್ಲಿ ನೋಡಿ ಒಪ್ಪಬಾರದು. ಮರದ್ದಾದರೆ ತಳದ ಹಲಗೆಗೆ ಚೂರಿಯ ಮೊನೆಯನ್ನು ಒತ್ತಿ ನೋಡಬೇಕು. ಮೆತ್ತಗೆ ಇಳಿದರೆ ಅಲ್ಲಿ ಕೊಳೆಯೋ ಹುಳುವೋ ಉಂಟು. ಫೈಬರ್‌ಗ್ಲಾಸಿನದಾದರೆ ಬೆರಳಿನ ಗೆಣ್ಣಿನಿಂದ ಉದ್ದಕ್ಕೂ ತಟ್ಟುತ್ತ ಹೋಗಬೇಕು; ಗಟ್ಟಿ ಸದ್ದು ತಟ್ಟನೆ ಮಂಕಾದಲ್ಲಿ ಪದರಗಳು ಬಿಟ್ಟುಕೊಂಡಿವೆಯೆಂದು ತಿಳಿಯಬೇಕು. ಆಮೇಲೆ ಸೊಂಟದಷ್ಟು ನೀರಿನಲ್ಲಿ ದೋಣಿಯನ್ನಿಳಿಸಿ, ಈಜು ಬಲ್ಲ ಮೂವರು ದೊಡ್ಡವರು ಹತ್ತಿ ಒಂದೇ ಬದಿಯಲ್ಲಿ ನಿಲ್ಲಬೇಕು. ಅಂಚು ನೀರಿಗೆ ಇನ್ನೂ ಒಂದು ಗೇಣು ಮೇಲಿದ್ದರೆ ಮುಂದಿನ ಮಾತುಕತೆಗೆ ಕೂರಬಹುದು. ಮಳೆಗಾಲಕ್ಕೆ ಮೊದಲು ಅದನ್ನು ದಡಕ್ಕೆಳೆದು, ಎಂಜಿನನ್ನು ಸಿಹಿನೀರಿನಲ್ಲಿ ತೊಳೆದು ಬಿಚ್ಚಿಟ್ಟು, ಎರಡು ತೆಂಗಿನ ಕೊರಡುಗಳ ಮೇಲೆ ದೋಣಿಯನ್ನು ಕವುಚಿ ಹಾಕಿ, ಮೇಲೆ ಮಡಲು ಹೊದೆಸಿಟ್ಟರೆ ಮಳೆ ಮುಗಿಯುವವರೆಗೆ ಅದರ ಚಿಂತೆಯಿಲ್ಲ.