ಪರಾಗವಿಲ್ಲದ ಈರುಳ್ಳಿ ಹೂವು

ಚಿಕ್ಕಮಗಳೂರು ಜಿಲ್ಲೆ ಎಂದೊಡನೆ ಕಾಫಿ ತೋಟ, ಮಳೆ, ಮಂಜು ನೆನಪಾಗುತ್ತವೆ. ಆದರೆ ಅದೇ ಜಿಲ್ಲೆಯ ಕಡೂರು, ಅಜ್ಜಂಪುರ ಹಾಗೂ ತರೀಕೆರೆಯ ಬಯಲು ಭಾಗಗಳು ಮಳೆಗಾಗಿ ಆಕಾಶ ನೋಡುವ ಸೀಮೆ. ಮುಂಗಾರು ಕೈಹಿಡಿದರೆ ಇಲ್ಲಿ ರಾಗಿ, ಜೋಳ, ಹತ್ತಿ, ಸೂರ್ಯಕಾಂತಿ ಬೆಳೆಯುತ್ತವೆ. ಇವುಗಳ ಜೊತೆಗೆ ಒಂದು ವರ್ಷ ನಾಲ್ಕು ಕಾಸು ತಂದುಕೊಟ್ಟು ಇನ್ನೊಂದು ವರ್ಷ ಇದ್ದ ಕಾಸನ್ನೂ ಕಳೆಯುವ ಈರುಳ್ಳಿಯೂ ಉಂಟು. ಈರುಳ್ಳಿಯ ಬೆಲೆಯ ಬಗ್ಗೆ ಪ್ರತಿ ವರ್ಷ ಮಾತಾಗುತ್ತದೆ. ಅದರ ಬೀಜದ ಬಗ್ಗೆ ಆಗುವ ಮಾತು ಕಡಿಮೆ. ಆ ಬೀಜದ ಜಾಡು ಹಿಡಿದು ಹೊರಟರೆ, ನೂರು ವರ್ಷದ ಹಿಂದೆ ಅಮೆರಿಕದಲ್ಲಿ ಕಣ್ಣಿಗೆ ಬಿದ್ದ ಒಂದೇ ಒಂದು ಗಿಡದಿಂದ ಹಿಡಿದು ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದ ಕುಲಾಂತರಿ ಸಾಸಿವೆಯವರೆಗೆ ದಾರಿ ಸಾಗುತ್ತದೆ.

ಈರುಳ್ಳಿಯದು ಎರಡು ಹಂತದ ಬಾಳು. ಬೀಜ ಬಿತ್ತಿದರೆ ಮೊದಲು ಗೆಡ್ಡೆ. ಆ ಗೆಡ್ಡೆಯನ್ನು ಮತ್ತೆ ನೆಟ್ಟರೆ ಟೊಳ್ಳು ದಂಟು ಎದ್ದು, ತುದಿಯಲ್ಲಿ ಬಿಳಿ ಹೂವಿನ ಚೆಂಡು ಅರಳಿ, ಕಪ್ಪು ಬೀಜ ಕಟ್ಟುತ್ತದೆ. ಬೆಳೆಯಲ್ಲಿ ಬಣ್ಣ, ದುಂಡು, ಬಾಳಿಕೆ ನೋಡಿ ಒಳ್ಳೆಯ ಗೆಡ್ಡೆಗಳನ್ನು ಬೀಜಕ್ಕೆಂದು ಎತ್ತಿಡುವುದು ರೈತರ ಹಳೆಯ ಪದ್ಧತಿ. ಈರುಳ್ಳಿ ಬೀಜವನ್ನು ವರ್ಷಗಟ್ಟಲೆ ಕೂಡಿಡುವಂತಿಲ್ಲ. ಒಂದು ವರ್ಷ ಕಳೆದರೆ ಮೊಳೆಯುವ ಶಕ್ತಿ ಕುಗ್ಗುತ್ತದೆ. ಆದ್ದರಿಂದ ಪ್ರತಿ ಹಂಗಾಮಿಗೂ ಹೊಸ ಬೀಜ ಬೇಕು. ಅದನ್ನು ತಾನೇ ಮಾಡಿಕೊಳ್ಳಬೇಕು, ಇಲ್ಲವೇ ಕೊಳ್ಳಬೇಕು.

ಗಂಡನ್ನು ತೆಗೆಯುವ ಕಷ್ಟ

ಬೇರೆ ಬೇರೆ ಗುಣದ ಎರಡು ತಳಿಗಳನ್ನು ಕೂಡಿಸಿದಾಗ ಹುಟ್ಟುವ ಮೊದಲ ಪೀಳಿಗೆ ಹಲವು ಸಲ ತಂದೆತಾಯಿ ಇಬ್ಬರಿಗಿಂತಲೂ ಹುಲುಸಾಗಿರುತ್ತದೆ, ಒಂದೇ ಸಮನಾಗಿರುತ್ತದೆ. ಇದೇ ಹೈಬ್ರಿಡ್‌ನ ಗುಟ್ಟು. ಆದರೆ ಹೆಚ್ಚಿನ ಬೆಳೆಗಳಲ್ಲಿ ಒಂದೇ ಹೂವಿನಲ್ಲಿ ಗಂಡೂ ಇದೆ, ಹೆಣ್ಣೂ ಇದೆ. ತಾಯಿಯಾಗಿ ಆರಿಸಿಕೊಂಡ ಗಿಡ ತನ್ನದೇ ಪರಾಗದಿಂದ ಬೀಜ ಕಟ್ಟಿಕೊಂಡರೆ ಸಂಕರ ಆಗುವುದೇ ಇಲ್ಲ. ಅಂದರೆ ತಾಯಿ ಗಿಡದ ಗಂಡು ಭಾಗವನ್ನು ಮೊದಲು ತೆಗೆಯಬೇಕು.

ಹತ್ತಿಯಲ್ಲಿ ಈ ಕೆಲಸ ಕೈಯಿಂದಲೇ ನಡೆಯಿತು. 1972ರಲ್ಲಿ ಧಾರವಾಡದಲ್ಲಿ ಬಿ.ಎಚ್. ಕಟರ್ಕಿ ಅವರು ರೂಪಿಸಿದ ‘ವರಲಕ್ಷ್ಮಿ’ ಹೈಬ್ರಿಡ್ ಹತ್ತಿ ಕರ್ನಾಟಕದ ಹೆಸರನ್ನು ದೂರಕ್ಕೆ ಒಯ್ದಿತು. ಅಂಥ ಹತ್ತಿಯ ಬೀಜ ತಯಾರಿಸಲು ಸಂಜೆ ಮೊಗ್ಗಿನ ಕೇಸರಗಳನ್ನು ಉಗುರಿನಿಂದ ಬಿಡಿಸಬೇಕು, ಮರುದಿನ ಬೆಳಿಗ್ಗೆ ಇನ್ನೊಂದು ತಳಿಯ ಪರಾಗ ಸವರಬೇಕು. ಒಂದು ಹೊಲಕ್ಕೆ ನೂರಾರು ಕೈ ಬೇಕು. ದಕ್ಷಿಣ ಭಾರತದ ಹತ್ತಿ ಬೀಜದ ಹೊಲಗಳಲ್ಲಿ ಆ ಕೈಗಳು ಬಹುಪಾಲು ಹೆಣ್ಣುಮಕ್ಕಳವು. ಶಾಲೆಗೆ ಹೋಗಬೇಕಾದ ಎಳೆಯರವೂ ಇದ್ದವು ಎಂಬುದು ಈ ಹೈಬ್ರಿಡ್ ಕಥೆಯ ಕಹಿ ಭಾಗ.

ಹತ್ತಿಯ ಹೂವು ದೊಡ್ಡದು, ಒಂದು ಹೂವಿಗೆ ಹಲವು ಬೀಜ. ಈರುಳ್ಳಿಯದು ಹಾಗಲ್ಲ. ಒಂದು ಚೆಂಡಿನಲ್ಲಿ ನೂರಾರು ಪುಟಾಣಿ ಹೂಗಳು. ಒಂದೊಂದರಲ್ಲೂ ಆರು ಕೇಸರ. ಎಲ್ಲ ಸರಿಯಾದರೂ ಒಂದು ಹೂವಿಗೆ ಆರು ಬೀಜಕ್ಕಿಂತ ಹೆಚ್ಚಿಲ್ಲ. ಇದನ್ನು ಉಗುರಿನಿಂದ ಬಿಡಿಸುತ್ತ ಕೂತರೆ ಬೀಜದ ಬೆಲೆ ಚಿನ್ನದ ಬೆಲೆಯಾಗುತ್ತಿತ್ತು.

ಒಂದು ಗಿಡದ ಸಂತಾನ

ಕಗ್ಗಂಟನ್ನು ಬಿಡಿಸಿದ್ದು ನಿಸರ್ಗವೇ. 1925ರಲ್ಲಿ ಕ್ಯಾಲಿಫೋರ್ನಿಯಾದ ಡೇವಿಸ್‌ನಲ್ಲಿ ಹೆನ್ರಿ ಜೋನ್ಸ್ ಎಂಬ ವಿಜ್ಞಾನಿ ‘ಇಟಾಲಿಯನ್ ರೆಡ್’ ಎಂಬ ಕೆಂಪು ಈರುಳ್ಳಿಯ ತಾಕಿನಲ್ಲಿ ಬೀಜವನ್ನೇ ಕಟ್ಟದ ಒಂದು ಗಿಡವನ್ನು ಕಂಡರು. ಅದರ ಹೂಗಳಲ್ಲಿ ಕೆಲಸಕ್ಕೆ ಬರುವ ಪರಾಗ ಇರಲಿಲ್ಲ. ಬೇರೆ ಗಿಡದ ಪರಾಗ ತಾಗಿದರೆ ಮಾತ್ರ ಬೀಜ ಕಟ್ಟುತ್ತಿತ್ತು. ಹೆಣ್ಣು ಸರಿಯಿದೆ, ಗಂಡು ಮಾತ್ರ ಬಂಜೆ. ಅದೃಷ್ಟಕ್ಕೆ ಆ ಗಿಡದ ಹೂವಿನ ಚೆಂಡಿನಲ್ಲಿ ಬೀಜದ ಬದಲು ಪುಟ್ಟ ಪುಟ್ಟ ಗೆಡ್ಡೆಗಳು ಮೂಡಿದವು. ಅವನ್ನು ನೆಟ್ಟು ನೆಟ್ಟು ತಳಿಯನ್ನು ಉಳಿಸಿಕೊಳ್ಳಲಾಯಿತು. ಲೋಕದ ಹೈಬ್ರಿಡ್ ಈರುಳ್ಳಿ ಉದ್ಯಮಕ್ಕೆ ತಳಪಾಯ ಬಿದ್ದದ್ದು ಈ ಒಂಟಿ ಗಿಡದಿಂದ.

1943ರಲ್ಲಿ ಜೋನ್ಸ್ ಮತ್ತು ಕ್ಲಾರ್ಕ್ ಇದರ ಒಳಮರ್ಮವನ್ನು ಪ್ರಕಟಿಸಿದರು. ಜೀವಕೋಶದಲ್ಲಿ ಕೋಶಕೇಂದ್ರ ಒಂದು ಕಡೆ, ಅದರ ಸುತ್ತಲಿನ ಕೋಶದ್ರವ್ಯ ಇನ್ನೊಂದು ಕಡೆ. ಕೋಶದ್ರವ್ಯ ಮಕ್ಕಳಿಗೆ ಬರುವುದು ತಾಯಿಯಿಂದ ಮಾತ್ರ. ಪರಾಗವನ್ನು ಕೆಡಿಸುವ ಗುಣ ಇರುವುದು ಆ ಕೋಶದ್ರವ್ಯದಲ್ಲಿ. ಅದನ್ನು ಸರಿಪಡಿಸುವ ವಂಶವಾಹಿಯೇನಾದರೂ ಇದ್ದರೆ ಅದು ಕೋಶಕೇಂದ್ರದಲ್ಲಿ. ಎರಡರ ಲೆಕ್ಕ ತಿಳಿದವನಿಗೆ ಪರಾಗಹೀನ ತಾಯಿಯನ್ನು ಬೇಕೆಂದಾಗ ಪಡೆಯುವುದು ಸಾಧ್ಯ. ಇದಕ್ಕೆ ಶಾಸ್ತ್ರದ ಮಾತಿನಲ್ಲಿ ಪುರುಷ ವಂಧ್ಯತ್ವ ಎನ್ನುತ್ತಾರೆ.

ಆದರೆ ಪರಾಗವಿಲ್ಲದ ತಾಯಿ ತನ್ನಂಥದೇ ಮಗಳನ್ನು ತಾನಾಗಿ ಹೆರಲಾರಳು. ಅವಳಿಗೆ ಎಲ್ಲದರಲ್ಲೂ ಅವಳಂತೆಯೇ ಇದ್ದು, ಪರಾಗ ಮಾತ್ರ ಇರುವ ಒಂದು ‘ಸೋದರ’ ತಳಿ ಪಕ್ಕದಲ್ಲೇ ಇರಬೇಕು. ಇವೆರಡನ್ನು ಜತನದಿಂದ ಕಾಯ್ದುಕೊಂಡವರಿಗೆ ಮಾತ್ರ ವರ್ಷವರ್ಷವೂ ತಾಯಿ ಗಿಡ ಸಿಗುತ್ತದೆ. ಮೂರನೆಯದಾಗಿ ಬೇರೊಂದು ತಳಿ ತಂದೆಯಾಗಿ ಬಂದಾಗ ಮಾರುಕಟ್ಟೆಯ ಹೈಬ್ರಿಡ್ ಬೀಜ ಹುಟ್ಟುತ್ತದೆ.

ಇದೇ ಉಪಾಯದಿಂದ 1964ರಲ್ಲಿ ಭಾರತದ ಮೊದಲ ಹೈಬ್ರಿಡ್ ಜೋಳ ಸಿಎಸ್‌ಎಚ್-1 ಹೊಲಕ್ಕಿಳಿಯಿತು. 1980ರಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯ ದೇಶದ ಮೊದಲ ಹೈಬ್ರಿಡ್ ಸೂರ್ಯಕಾಂತಿ ಬಿಎಸ್‌ಎಚ್-1ನ್ನು ನೀಡಿತು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಈರುಳ್ಳಿಯಲ್ಲಿ ‘ಅರ್ಕಾ ಕೀರ್ತಿಮಾನ್’, ‘ಅರ್ಕಾ ಲಾಲಿಮಾ’ ಎಂಬ ಹೈಬ್ರಿಡ್‌ಗಳನ್ನು ರೂಪಿಸಿತು.

ಜೋಳ, ಸೂರ್ಯಕಾಂತಿಗಳಲ್ಲಿ ರೈತನಿಗೆ ಬೇಕಾದದ್ದು ಕಾಳು. ಆದ್ದರಿಂದ ಅಲ್ಲಿ ತಂದೆ ತಳಿ ಮಕ್ಕಳ ಪರಾಗವನ್ನು ಮರಳಿ ಕೊಡಲೇಬೇಕು. ಈರುಳ್ಳಿಯಲ್ಲಿ ಬೇಕಾದದ್ದು ಗೆಡ್ಡೆ; ಪರಾಗ ಮರಳದಿದ್ದರೂ ನಡೆಯುತ್ತದೆ. ಹೀಗಾಗಿ ಹೈಬ್ರಿಡ್ ಹೊಲದ ದಪ್ಪ ಗೆಡ್ಡೆಗಳನ್ನು ಹಳೆಯ ರೂಢಿಯಂತೆ ಬೀಜಕ್ಕೆಂದು ಎತ್ತಿಟ್ಟು ನೆಟ್ಟರೆ, ದಂಟು ಏಳುತ್ತದೆ, ಹೂವೂ ಅರಳುತ್ತದೆ. ಆದರೆ ಆ ಹೂಗಳಲ್ಲಿ ಪರಾಗವೇ ಇರದೆ ಹೋಗಬಹುದು. ಗೆಡ್ಡೆ ಆರಿಸುವ ಅಜ್ಜಿಯ ಕಣ್ಣು ಎಷ್ಟೇ ಚುರುಕಾಗಿರಲಿ, ಇಲ್ಲಿ ಅದು ಕೆಲಸಕ್ಕೆ ಬರುವುದಿಲ್ಲ.

ಇನ್ನೊಂದು ಅಪಾಯವೂ ಇದೆ. ಸಾವಿರಾರು ಹೊಲಗಳ ತಾಯಿ ಒಬ್ಬಳೇ ಆದರೆ ಅವಳ ದೌರ್ಬಲ್ಯವೂ ಎಲ್ಲ ಹೊಲಗಳದ್ದಾಗುತ್ತದೆ. 1970ರಲ್ಲಿ ಅಮೆರಿಕದ ಮೆಕ್ಕೆಜೋಳದ ಬಹುಪಾಲು ‘ಟೆಕ್ಸಾಸ್’ ಎಂಬ ಒಂದೇ ಪರಾಗಹೀನ ಮೂಲದ್ದಾಗಿತ್ತು. ಆ ಮೂಲದ ಗಿಡಗಳನ್ನೇ ಹುಡುಕಿ ಹಿಡಿಯುವ ಒಂದು ಎಲೆಚುಕ್ಕೆ ಶಿಲೀಂಧ್ರ ಬಂತು. ದೇಶದ ಬೆಳೆಯ ಸುಮಾರು ಶೇ 15ರಷ್ಟು ಒಂದೇ ಹಂಗಾಮಿನಲ್ಲಿ ಹೋಯಿತು.

ಪ್ರಯೋಗಾಲಯದ ಬಂಜೆತನ

ಎಲ್ಲ ಬೆಳೆಯಲ್ಲೂ ನಿಸರ್ಗ ಇಂಥ ಅನುಕೂಲದ ಗಿಡವನ್ನು ಒದಗಿಸುವುದಿಲ್ಲ. ಅಂಥ ಕಡೆ ಅದನ್ನು ತಯಾರಿಸಲು ಹೊರಟವರು ಬೆಲ್ಜಿಯಂನ ಗೆಂಟ್ ನಗರದ ಪ್ಲಾಂಟ್ ಜೆನೆಟಿಕ್ ಸಿಸ್ಟಮ್ಸ್ ಸಂಸ್ಥೆಯವರು. ಅಮೆರಿಕದ ವಿಜ್ಞಾನಿಗಳ ಜೊತೆ ಸೇರಿ 1990ರಲ್ಲಿ ಅವರು ಪ್ರಕಟಿಸಿದ ವಿಧಾನ ಚತುರವಾದದ್ದು. ಪರಾಗಕೋಶದ ಒಳಗೋಡೆಯಲ್ಲಿ ಪರಾಗಕ್ಕೆ ಉಣಿಸುವ ಒಂದು ತೆಳು ಪದರವಿದೆ. ಮಣ್ಣಿನ ಬ್ಯಾಕ್ಟೀರಿಯಾ ಒಂದರ ‘ಬಾರ್ನೇಸ್’ ಎಂಬ ವಂಶವಾಹಿಯನ್ನು ಆ ಪದರದಲ್ಲಿ ಮಾತ್ರ ಎಚ್ಚರಗೊಳ್ಳುವಂತೆ ಗಿಡಕ್ಕೆ ಸೇರಿಸಿದರೆ ಪದರ ಸಾಯುತ್ತದೆ, ಪರಾಗ ಉಪವಾಸ ಬೀಳುತ್ತದೆ. ಗಿಡದ ಉಳಿದ ಭಾಗಕ್ಕೆ ಏನೂ ಆಗದು. ಅದೇ ಬ್ಯಾಕ್ಟೀರಿಯಾದಲ್ಲಿ ಬಾರ್ನೇಸ್‌ನ ಕೈ ಕಟ್ಟುವ ‘ಬಾರ್‌ಸ್ಟಾರ್’ ಕೂಡ ಇದೆ. ಅದನ್ನು ತಂದೆ ಗಿಡಕ್ಕೆ ಸೇರಿಸಿದರೆ ಮಕ್ಕಳಲ್ಲಿ ಪರಾಗ ಮರಳುತ್ತದೆ. ಕೆನಡಾದ ಹೊಲಗಳಲ್ಲಿ ಇಂಥ ಎಣ್ಣೆಬೀಜದ ಬೆಳೆ 1990ರ ದಶಕದಿಂದಲೇ ಇದೆ.

ದೆಹಲಿ ವಿಶ್ವವಿದ್ಯಾಲಯದಲ್ಲಿ ದೀಪಕ್ ಪೆಂಟಲ್ ಅವರ ತಂಡ ಇದೇ ಜೋಡಿಯನ್ನು ಬಳಸಿ ಡಿಎಂಎಚ್-11 ಎಂಬ ಸಾಸಿವೆಯನ್ನು ರೂಪಿಸಿತು. 2022ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರದ ಒಪ್ಪಿಗೆ ದೊರೆಯಿತು. ಪ್ರಕರಣ ನ್ಯಾಯಾಲಯಕ್ಕೆ ಹೋಯಿತು. 2024ರ ಜುಲೈನಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ನೀಡಿದರು. ವಿರೋಧಕ್ಕೆ ಮುಖ್ಯ ಕಾರಣಗಳಲ್ಲಿ ಒಂದು, ಈ ಗಿಡದಲ್ಲಿ ಕಳೆನಾಶಕವನ್ನು ತಾಳುವ ಮೂರನೆಯ ವಂಶವಾಹಿಯೂ ಇರುವುದು. ಅದು ಬೇಕಾದದ್ದು ಬೀಜ ತಯಾರಿಕೆಯಲ್ಲಿ ಬೇಡದ ಸಸಿಗಳನ್ನು ಬೇರ್ಪಡಿಸಲು ಎಂದು ತಯಾರಕರು ಹೇಳುತ್ತಾರೆ. ಅದು ರೈತನ ಹೊಲಕ್ಕೂ ಕಳೆನಾಶಕವನ್ನು ಕರೆತಂದು, ಕಳೆ ಕೀಳುವ ಹೆಂಗಸರ ಕೂಲಿ ಕಸಿಯುತ್ತದೆ ಎಂಬುದು ವಿರೋಧಿಗಳ ಆತಂಕ.

ಇದನ್ನು ‘ಟರ್ಮಿನೇಟರ್’ ಬೀಜದೊಂದಿಗೆ ಬೆರೆಸುವುದು ಸರಿಯಲ್ಲ. 1998ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಪಡೆದ ಟರ್ಮಿನೇಟರ್ ತಂತ್ರದಲ್ಲಿ ಬೆಳೆಯ ಬೀಜ ಮೊಳೆಯುವುದೇ ಇಲ್ಲ. ಅದೇ ವರ್ಷದ ಕೊನೆಯಲ್ಲಿ ಪ್ರೊ. ಎಂ.ಡಿ. ನಂಜುಂಡಸ್ವಾಮಿ ಅವರ ನೇತೃತ್ವದಲ್ಲಿ ರೈತ ಸಂಘ ಕರ್ನಾಟಕದ ಕುಲಾಂತರಿ ಹತ್ತಿಯ ಪ್ರಯೋಗದ ತಾಕುಗಳಿಗೆ ಬೆಂಕಿ ಇಟ್ಟಾಗ ಜನರ ಮನಸ್ಸಿನಲ್ಲಿದ್ದ ಭಯ ಅದೇ. ಆ ಹತ್ತಿ ಟರ್ಮಿನೇಟರ್ ಆಗಿರಲಿಲ್ಲ, ಕಾಯಿಕೊರಕ ಹುಳುವಿಗೆ ಒಡ್ಡಿದ ಬಿಟಿ ಹತ್ತಿ. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ ಟರ್ಮಿನೇಟರ್‌ನಂಥ ತಂತ್ರಗಳಿಗೆ ಬಾಗಿಲು ಮುಚ್ಚಿತು. ಬೀಜವನ್ನು ಉಳಿಸುವ, ಹಂಚಿಕೊಳ್ಳುವ ರೈತನ ಹಕ್ಕನ್ನು ಬರೆದಿಟ್ಟಿತು.

ಆದರೆ ಕಾನೂನು ಕೊಟ್ಟದ್ದನ್ನು ಜೀವಶಾಸ್ತ್ರ ಸದ್ದಿಲ್ಲದೆ ಕಿತ್ತುಕೊಳ್ಳಬಲ್ಲದು. ಹೈಬ್ರಿಡ್ ಬೀಜವನ್ನು ಉಳಿಸಿ ಬಿತ್ತಿದರೆ ಜೈಲಿಲ್ಲ. ಆದರೆ ಫಸಲು ಏಕರೂಪವಾಗಿ ಬಾರದು. ಸೋಜಿಗವೆಂದರೆ, ಕುಲಾಂತರಿ ಸಾಸಿವೆಯ ಹೊಲದಲ್ಲಿ ಪರಾಗ ಮರಳಿರುತ್ತದೆ, ಬೀಜ ಮೊಳೆಯುತ್ತದೆ. ನಿಸರ್ಗವೇ ಕೊಟ್ಟ ಬಂಜೆತನದ ಈರುಳ್ಳಿಯಲ್ಲಿ ಅಷ್ಟೂ ಇಲ್ಲ. ಹಾಗಾಗಿ ಪ್ರಯೋಗಾಲಯದ್ದೆಲ್ಲ ಕೆಟ್ಟದ್ದು, ನಿಸರ್ಗದ್ದೆಲ್ಲ ಒಳ್ಳೆಯದು ಎಂಬ ವಿಂಗಡಣೆಯಿಂದ ರೈತನಿಗೆ ಉಪಯೋಗವಿಲ್ಲ. ಅವನು ಕೇಳಬೇಕಾದ ಪ್ರಶ್ನೆ ಒಂದೇ: ತಾಯಿ ತಳಿ ಯಾರ ಮನೆಯಲ್ಲಿದೆ?

ಈ ಪ್ರಶ್ನೆ ಅಜ್ಜಂಪುರಕ್ಕೆ ಹೊಸದಲ್ಲ. ಮೈಸೂರು ಅರಸರ ಕಾಲದಿಂದ ಬಂದ ಅಮೃತಮಹಲ್ ರಾಸುಗಳ ಸರ್ಕಾರಿ ತಳಿ ಕೇಂದ್ರ ಇಲ್ಲಿದೆ. ಹೋರಿಕರುಗಳು ಹರಾಜಿನಲ್ಲಿ ರೈತರ ಕೈಗೆ ಬರುತ್ತವೆ. ತಾಯಿ ಮಂದೆ ಕಾವಲಿನಲ್ಲಿ ಉಳಿಯುತ್ತದೆ. ಮಂದೆ ಸಾರ್ವಜನಿಕರದ್ದಾಗಿ ಉಳಿದದ್ದರಿಂದ ತಳಿಯೂ ಉಳಿಯಿತು. ಬೀಜಕ್ಕೂ ಅಂಥ ಕಾವಲು ಬೇಕು. ಭಾರತದ ಈರುಳ್ಳಿ ಹೊಲಗಳ ಬಹುಪಾಲು ಇಂದಿಗೂ ಹೈಬ್ರಿಡ್ ಅಲ್ಲದ, ಜೇನು ಕೂಡಿಸಿದ ತಳಿಗಳದ್ದೇ. ಅಂದರೆ ಗೆಡ್ಡೆ ಆರಿಸಿ ಬೀಜ ಕಟ್ಟುವ ವಿದ್ಯೆ ಇನ್ನೂ ಕೈತಪ್ಪಿಲ್ಲ. ಹೈಬ್ರಿಡ್ ಬೇಕೆನ್ನುವವರು ಕೊಳ್ಳಲಿ. ಅದರ ತಾಯಿ ತಳಿಗಳು ಸಾರ್ವಜನಿಕ ಸಂಸ್ಥೆಗಳಲ್ಲೂ ಇರಲಿ, ಒಂದಕ್ಕಿಂತ ಹೆಚ್ಚಿರಲಿ. ಅದರ ಜೊತೆಗೇ ಕಡೂರು, ತರೀಕೆರೆ, ಅಜ್ಜಂಪುರದ ಹೊಲಗಳ ಬದುವಿನಲ್ಲಿ ಪರಾಗ ತುಂಬಿದ ನಾಲ್ಕು ಸಾಲು ಬೀಜದ ಈರುಳ್ಳಿ ಅರಳುತ್ತಿರಲಿ. ಬೆಲೆ ಬಿದ್ದ ವರ್ಷ, ಬೀಜ ಸಿಗದ ವರ್ಷ, ಕೈಯಲ್ಲಿ ಉಳಿಯುವ ಬಂಡವಾಳ ಅದೊಂದೇ.