ತಟಸ್ಥ ಶಾಲೆಗೆ ದರ್ಶನವಿಲ್ಲವೇ?

ಧಾರವಾಡದ ಸರ್ಕಾರಿ ಶಾಲೆಗೆ ಪ್ರವೇಶ ಕೋರಿ 1856ರ ಜೂನ್ ತಿಂಗಳಲ್ಲಿ ಒಬ್ಬ ಹುಡುಗ ಮುಂಬೈ ಸರ್ಕಾರಕ್ಕೆ ಅರ್ಜಿ ಸಲ್ಲಿಸಿದ. ದಾಖಲೆಗಳಲ್ಲಿ ಅವನ ಗುರುತು 'ಮಹಾರ' ಎಂದಿದೆ. ಆಳ್ವಿಕೆ ಮುಂಬೈಯದಾಗಿದ್ದರಿಂದ ಜಾತಿಯ ಹೆಸರೂ ಮರಾಠಿಯಲ್ಲೇ ನಮೂದಾಗಿರಬೇಕು. ಸರ್ಕಾರ ಅರ್ಜಿಯನ್ನು ಒಪ್ಪಲಿಲ್ಲ. ತತ್ವದ ದೃಷ್ಟಿಯಿಂದ ನ್ಯಾಯ ಹುಡುಗನ ಪರವಾಗಿಯೇ ಇದೆ. ಆದರೆ ಒಬ್ಬಿಬ್ಬರಿಗಾಗಿ ಅವನನ್ನು ಸೇರಿಸಿಕೊಂಡರೆ ಮೇಲ್ಜಾತಿಯ ಮಕ್ಕಳೆಲ್ಲ ಶಾಲೆ ಬಿಡುತ್ತಾರೆ, ಶಾಲೆಯೇ ನಿರುಪಯುಕ್ತವಾಗುತ್ತದೆ ಎಂಬುದು ಆ ಆದೇಶದ ಸಾರ. ದಶಕಗಳ ಕಾಲ ಕಡತಗಳ ನಡುವೆ ಕಳೆದ ನನಗೆ ಈ ಧಾಟಿ ಬಹಳ ಪರಿಚಿತ. ಮೊದಲ ವಾಕ್ಯದಲ್ಲಿ ತತ್ವಕ್ಕೆ ಮನ್ನಣೆ, ಎರಡನೆಯ ವಾಕ್ಯದಲ್ಲಿ 'ಆದಾಗ್ಯೂ'. ಆಡಳಿತದ ಭಾಷೆಯಲ್ಲಿ ಇದಕ್ಕಿಂತ ಹೆಚ್ಚು ಹಾನಿ ಮಾಡಿದ ಅವ್ಯಯ ಇನ್ನೊಂದಿರಲಾರದು.

ಕಂಪನಿಯ ನಿರ್ದೇಶಕ ಮಂಡಳಿ 1858ರಲ್ಲಿ ಈ ನಿಲುವನ್ನು ತಿದ್ದಿ, ಸರ್ಕಾರಿ ಶಾಲೆ ಎಲ್ಲ ವರ್ಗಗಳಿಗೂ ತೆರೆದಿರಬೇಕೆಂದು ಹೇಳಿತು. 1882ರ ಹಂಟರ್ ಆಯೋಗವೂ ಅದೇ ಮಾತನ್ನು ಎತ್ತಿಹಿಡಿಯಿತು. ಹೇಳಿದ್ದು ನಡೆಯಿತೇ ಎಂಬುದು ಬೇರೆ ಪ್ರಶ್ನೆ. 1928ರಲ್ಲಿ ಸೈಮನ್ ಆಯೋಗದ ಮುಂದೆ ಮುಂಬೈ ಪ್ರಾಂತ್ಯದ ದಲಿತರ ಶಿಕ್ಷಣದ ಸ್ಥಿತಿಯನ್ನು ವಿವರಿಸುವಾಗ ಡಾ. ಅಂಬೇಡ್ಕರ್ ಧಾರವಾಡದ ಈ ಪ್ರಕರಣವನ್ನು ಮತ್ತೆ ಎತ್ತಬೇಕಾಯಿತು.

ಅರ್ಜಿ ತಿರಸ್ಕೃತವಾದ ಹೊತ್ತಿಗೆ ಅದೇ ಧಾರವಾಡದಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನವರು ನೆಲೆಯೂರಿ ಎರಡು ದಶಕಗಳಾಗುತ್ತ ಬಂದಿತ್ತು. 1834ರಲ್ಲಿ ಮಂಗಳೂರು, 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, ಬಳಿಕ ಗದಗಿನ ಬೆಟಗೇರಿ, ಹೀಗೆ ಅವರು ಹೋದಲ್ಲೆಲ್ಲ ಶಾಲೆ ತೆರೆದರು. ಸರ್ಕಾರಿ ಶಾಲೆ ತಾನು ತಟಸ್ಥ ಎನ್ನುತ್ತಿತ್ತು. ಮಿಷನ್ ಶಾಲೆ ಹಾಗೆ ಹೇಳಿಕೊಳ್ಳಲೇ ಇಲ್ಲ. ಅದಕ್ಕೆ ಸ್ಪಷ್ಟ ಉದ್ದೇಶವಿತ್ತು, ಮನುಷ್ಯನ ಬಗ್ಗೆ ಒಂದು ಖಚಿತ ಅಭಿಪ್ರಾಯವಿತ್ತು. ಜಾತಿಯ ಪ್ರಶ್ನೆಯಲ್ಲಿ ತಟಸ್ಥ ಶಾಲೆ ಎಡವಿತು, ಪಕ್ಷಪಾತಿ ಶಾಲೆಯ ಬಾಗಿಲು ತೆರೆದಿತ್ತು. ಈ ವಿಪರ್ಯಾಸವನ್ನು ಅರ್ಥ ಮಾಡಿಕೊಳ್ಳಬೇಕಾದರೆ ಕ್ರೈಸ್ತ ಶಿಕ್ಷಣ ದರ್ಶನ ಎಂಬುದನ್ನು ಪೂರ್ವಗ್ರಹವಿಲ್ಲದೆ ಒಮ್ಮೆ ನೋಡಬೇಕಾಗುತ್ತದೆ.

ಆ ದರ್ಶನದ ಬೇರು ಯುರೋಪಿನ ಧಾರ್ಮಿಕ ಸುಧಾರಣೆಯಲ್ಲಿದೆ. ಪ್ರತಿಯೊಂದು ಜೀವವೂ ನೇರವಾಗಿ ದೇವರಿಗೆ ಉತ್ತರಿಸಬೇಕು. ಆದ್ದರಿಂದ ಪ್ರತಿಯೊಬ್ಬರೂ ಧರ್ಮಗ್ರಂಥವನ್ನು ಸ್ವತಃ ಓದಬಲ್ಲವರಾಗಿರಬೇಕು. ಈ ಒಂದು ಪ್ರಮೇಯವನ್ನು ಒಪ್ಪಿದರೆ ಮುಂದಿನದೆಲ್ಲ ತರ್ಕಬದ್ಧವಾಗಿ ಬರುತ್ತದೆ. ಎಲ್ಲರೂ ಓದಬೇಕಾದರೆ ಹೆಣ್ಣುಮಕ್ಕಳೂ ಓದಬೇಕು, ಕೂಲಿಯವನ ಮಗನೂ ಓದಬೇಕು. ಬೇಗ ಓದಬೇಕಾದರೆ ತಾಯ್ನುಡಿಯಲ್ಲೇ ಓದಬೇಕು. ಹದಿನೇಳನೆಯ ಶತಮಾನದಲ್ಲಿ ಮೊರೇವಿಯಾದ ಬಿಷಪ್ ಕೊಮೇನಿಯಸ್, ಎಲ್ಲರಿಗೂ ಎಲ್ಲವನ್ನೂ ಕಲಿಸಬೇಕು, ಮೊದಲ ಶಾಲೆ ಮನೆಮಾತಿನ ಶಾಲೆಯಾಗಿರಬೇಕು ಎಂದು ವಾದಿಸಿದ. ಮಕ್ಕಳಿಗಾಗಿ 1658ರಲ್ಲಿ ಚಿತ್ರಗಳ ಪಠ್ಯಪುಸ್ತಕ ಮಾಡಿದವನೂ ಅವನೇ. ಜರ್ಮನಿಯ ಹಾಲೆ ನಗರದಲ್ಲಿ ಫ್ರಾಂಕೆ ಅನಾಥ ಮಕ್ಕಳಿಗಾಗಿ ಶಾಲೆಗಳನ್ನು ಕಟ್ಟಿದ. ಆ ಪರಂಪರೆಯ ಝೀಗನ್‌ಬಾಲ್ಗ್ 1706ರಲ್ಲಿ ತರಂಗಂಬಾಡಿಗೆ ಬಂದಿಳಿದು ತಮಿಳು ಕಲಿತ.

1815ರಲ್ಲಿ ಸ್ಥಾಪನೆಯಾದ ಬಾಸೆಲ್ ಮಿಷನ್ನಿಗೆ ಇನ್ನೂ ಹತ್ತಿರದ ಒಂದು ಸಂಬಂಧವಿತ್ತು. ಅದೇ ಬಳಗದವರು 1820ರಲ್ಲಿ ಬಾಸೆಲ್ ಸಮೀಪದ ಬಾಯ್ಗೆನ್ ಎಂಬಲ್ಲಿ ಬಡ ಮಕ್ಕಳಿಗೂ ಬಡವರ ಶಾಲೆಯ ಶಿಕ್ಷಕರಿಗೂ ಒಂದು ಸಂಸ್ಥೆಯನ್ನು ಆರಂಭಿಸಿದ್ದರು. ವೃದ್ಧ ಪೆಸ್ಟಲಾಟ್ಸಿ 1826ರಲ್ಲಿ, ತನ್ನ ಸಾವಿಗೆ ಒಂದು ವರ್ಷ ಮೊದಲು, ಅಲ್ಲಿಗೆ ಭೇಟಿ ಕೊಟ್ಟ. ತಲೆ, ಹೃದಯ, ಕೈ ಮೂರಕ್ಕೂ ಶಿಕ್ಷಣ ಬೇಕೆಂದವನು ಪೆಸ್ಟಲಾಟ್ಸಿ. ಬಾಯ್ಗೆನ್‌ನ ಮುಖ್ಯಸ್ಥ ತ್ಸೆಲ್ಲರ್ ಅವನ ವಿಧಾನವನ್ನು ಗೌರವಿಸಿದರೂ ಮಗುವಿನ ಸಹಜ ಒಳ್ಳೆಯತನದಲ್ಲಿ ಅವನಿಗಿದ್ದಷ್ಟು ನಂಬಿಕೆ ಇಟ್ಟವನಲ್ಲ. ಮನುಷ್ಯ ಪಾಪಿ, ಕೃಪೆಯಿಂದಲೇ ಅವನ ಉದ್ಧಾರ ಎಂಬುದು ಅವನ ಶ್ರದ್ಧೆ. ಕುತೂಹಲದ ಸಂಗತಿ ಎಂದರೆ, ಎಲ್ಲರೂ ಸಮಾನವಾಗಿ ಪಾಪಿಗಳು ಎಂಬ ಈ ಕಠೋರ ಸಿದ್ಧಾಂತವೇ ನಮ್ಮ ನೆಲದಲ್ಲಿ ಸಮಾನತೆಯ ಕೆಲಸ ಮಾಡಿತು. ಪಾಪದಲ್ಲಿ ಮಡಿ-ಮೈಲಿಗೆ ಇಲ್ಲವಷ್ಟೆ!

ಕ್ರೈಸ್ತ ಮಿಷನರಿಗಳೆಲ್ಲರೂ ಒಂದೇ ದಾರಿ ಹಿಡಿದವರಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. 1830ರಲ್ಲಿ ಕಲ್ಕತ್ತೆಗೆ ಬಂದ ಸ್ಕಾಟ್ಲೆಂಡಿನ ಅಲೆಕ್ಸಾಂಡರ್ ಡಫ್ ಇಂಗ್ಲಿಷಿನಲ್ಲಿ ಉಚ್ಚ ಶಿಕ್ಷಣ ಕೊಟ್ಟು ಮೇಲ್ವರ್ಗದ ಮನಸ್ಸನ್ನು ಗೆಲ್ಲಲು ಹೊರಟ. ಮೇಲಿನಿಂದ ಕೆಳಗೆ ಜಿನುಗುವ ವಿದ್ಯೆಯ ಈ ಕಲ್ಪನೆ ಐದು ವರ್ಷಗಳ ನಂತರ ಬಂದ ಮೆಕಾಲೆಯದಕ್ಕೆ ಸಮೀಪವಾದದ್ದು. ಬಾಸೆಲ್ಲಿನವರೂ ಇಂಗ್ಲಿಷ್ ಶಾಲೆ ನಡೆಸಿದರು, ಆದರೆ ಅವರ ಹೆಚ್ಚಿನ ಶ್ರಮ ಕನ್ನಡಕ್ಕೆ ಸಂದಿತು. 1836ರಲ್ಲಿ ಬಂದ ಹರ್ಮನ್ ಮೋಗ್ಲಿಂಗ್ 1843ರ ಜುಲೈ 1ರಂದು 'ಮಂಗಳೂರ ಸಮಾಚಾರ'ವನ್ನು ಆರಂಭಿಸಿದರು. 1853ರಲ್ಲಿ ಬಂದ ಫರ್ಡಿನೆಂಡ್ ಕಿಟೆಲ್ ಮೊದಲ ವರ್ಷಗಳನ್ನು ಕಳೆದದ್ದು ನಮ್ಮ ಹುಬ್ಬಳ್ಳಿ-ಧಾರವಾಡ ಸೀಮೆಯಲ್ಲೇ. ಅವರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಹೊರಬಂತು. ಸುಮಾರು ಎಪ್ಪತ್ತು ಸಾವಿರ ಪದಗಳು. ಅದಕ್ಕೂ ಮೊದಲು ಕೇಶಿರಾಜನ 'ಶಬ್ದಮಣಿದರ್ಪಣ'ವನ್ನು ಸಂಪಾದಿಸಿದ್ದರು. ಮರಾಠಿಯ ಮೇಲುಗೈ ಇದ್ದ ಅಂದಿನ ಧಾರವಾಡ ಜಿಲ್ಲೆಯಲ್ಲಿ ಕನ್ನಡ ಶಾಲೆಗಳಿಗಾಗಿ ಡೆಪ್ಯುಟಿ ಚನ್ನಬಸಪ್ಪನವರು ಸರ್ಕಾರದ ಒಳಗಿನಿಂದ ಹೋರಾಡುತ್ತಿದ್ದರೆ, ಹೊರಗೆ ಈ ಜರ್ಮನ್ನರು ಪದ ಪದವನ್ನು ಹೆಕ್ಕುತ್ತಿದ್ದರು.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನನಗೆ ಹೆಚ್ಚು ಆಸಕ್ತಿ ಅವರ ಕೈಗೆಲಸದ ಶಿಕ್ಷಣದಲ್ಲಿದೆ. ಮತಾಂತರಗೊಂಡವನು ಜಾತಿ ಕಳೆದುಕೊಳ್ಳುತ್ತಿದ್ದ. ಜಾತಿಯೊಂದಿಗೆ ಕಸುಬು, ಸಾಲ ಕೊಡುವವರು, ಬಾವಿಯ ನೀರು ಎಲ್ಲವನ್ನೂ ಕಳೆದುಕೊಳ್ಳುತ್ತಿದ್ದ. ಹಾಗಾಗಿ ಮಿಷನ್ ಮಗ್ಗ ಹಾಕಿತು, ಮುದ್ರಣಾಲಯ ತೆರೆಯಿತು, 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಸ್ಥಾಪಿಸಿತು. ಇದು ಬಲವಂತದಿಂದ ಹುಟ್ಟಿದ ವ್ಯವಸ್ಥೆ. ಆದರೂ ಓದಿದವನು ಕೈಯಿಂದ ದುಡಿಯಬಾರದು ಎಂಬ ನಮ್ಮ ಹಳೆಯ ನಂಬಿಕೆಗೆ ಅದು ಪೆಟ್ಟು ಕೊಟ್ಟಿತು. 'ಮಾನವ ಬಂಡವಾಳ' ಎಂಬ ಪರಿಭಾಷೆಯನ್ನು 1960ರ ದಶಕದಲ್ಲಿ ಥಿಯೋಡರ್ ಶುಲ್ಟ್ಸ್ ಮೊದಲಾದವರು ಪ್ರಚಾರಕ್ಕೆ ತಂದಾಗ, ನಾವು ಅದನ್ನು ವಿಶ್ವವಿದ್ಯಾಲಯದಲ್ಲಿ ಹೊಸ ವೇದದಂತೆ ಓದಿದೆವು. ಮಗುವನ್ನು ಹೂಡಿಕೆಯೆಂದೂ ವಿದ್ಯೆಯನ್ನು ಲಾಭವೆಂದೂ ಕಾಣುವ ಆ ಲೆಕ್ಕ ತಪ್ಪೇನಲ್ಲ. ಆದರೆ ಲಾಭ ತರದ ಮಗುವಿಗೆ ಏಕೆ ಕಲಿಸಬೇಕು ಎಂಬ ಪ್ರಶ್ನೆಗೆ ಅದರಲ್ಲಿ ಉತ್ತರವಿಲ್ಲ. ಮಿಷನರಿಯ ಬಳಿ ಉತ್ತರವಿತ್ತು. ಅದು ನಮಗೆ ಒಪ್ಪಿಗೆಯಾಗದಿರಬಹುದು.

ಒಪ್ಪಿಗೆಯಾಗದಿರಲು ಕಾರಣಗಳೂ ಸಾಕಷ್ಟಿವೆ. ಆತ್ಮಗಳ ಗಳಿಕೆ ಆ ಶಾಲೆಗಳ ಗುರಿಯಾಗಿತ್ತು ಎಂಬುದನ್ನು ಅವರೇ ಮುಚ್ಚಿಟ್ಟಿರಲಿಲ್ಲ. 1844ರಲ್ಲಿ ಮಂಗಳೂರಿನ ಮಿಷನ್ ಇಂಗ್ಲಿಷ್ ಶಾಲೆಯ ವಿದ್ಯಾರ್ಥಿ ಆನಂದರಾವ್ ಕೌಂಡಿನ್ಯ ಕ್ರೈಸ್ತನಾದಾಗ ಊರೇ ತಲ್ಲಣಿಸಿತು. ಮಗನನ್ನು ಅಕ್ಷರಕ್ಕೆಂದು ಕಳುಹಿಸಿದ ತಂದೆಗೆ ಅದು ನಂಬಿಕೆದ್ರೋಹವಾಗಿ ಕಂಡಿದ್ದರೆ ಅವನನ್ನು ದೂಷಿಸಲಾಗದು. ನಮ್ಮ ದೇವರು, ನಮ್ಮ ಪುರಾಣಗಳ ಬಗ್ಗೆ ಆ ಕಾಲದ ಮಿಷನರಿ ಬರಹಗಳಲ್ಲಿರುವ ತಿರಸ್ಕಾರ ಇಂದಿಗೂ ಓದುಗರ ಮನಸ್ಸನ್ನು ನೋಯಿಸುತ್ತದೆ. ಮತಾಂತರದ ಲೆಕ್ಕ ನೋಡಿದರೆ ಧಾರವಾಡ ಸೀಮೆಯಲ್ಲಿ ಅವರಿಗೆ ಸಿಕ್ಕಿದ್ದು ಅಲ್ಪವೇ. ಶಾಲೆ, ಅಚ್ಚುಕೂಟ, ನಿಘಂಟುಗಳ ಫಲವನ್ನು ಉಂಡವರು ಬಹುಪಾಲು ಇತರರು. ಗಿರೀಶ ಕಾರ್ನಾಡರು ಓದಿದ್ದು ಧಾರವಾಡದ ಬಾಸೆಲ್ ಮಿಷನ್ ಹೈಸ್ಕೂಲಿನಲ್ಲಿ. ಮಿಷನ್ ಶಾಲೆಯ ಮಾದರಿಯನ್ನು ಕಂಡು ನಮ್ಮ ಸಮುದಾಯಗಳೂ ಎಚ್ಚೆತ್ತವು. 1916ರಲ್ಲಿ ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆ ಕಟ್ಟಿದ ಶಿಕ್ಷಕರಲ್ಲಿ ಶಿಕ್ಷಣವೇ ಸೇವೆಯೆಂಬ ಭಾವ ಕಡಿಮೆಯದೇನಲ್ಲ. ಅವರಿಗೆ ಶರಣರ ಕಾಯಕ-ದಾಸೋಹಗಳ ಬಲವೂ ಇತ್ತು.

ಈ ಎರಡು ಧಾರೆಗಳು ಒಬ್ಬ ವ್ಯಕ್ತಿಯಲ್ಲಿ ಕೂಡಿದ್ದನ್ನು ನೋಡಬೇಕಾದರೆ ರೆವರೆಂಡ್ ಉತ್ತಂಗಿ ಚನ್ನಪ್ಪನವರನ್ನು ನೆನೆಯಬೇಕು. 1881ರಲ್ಲಿ ಧಾರವಾಡದಲ್ಲಿ ಜನಿಸಿದ ಅವರು ಬಾಸೆಲ್ ಮಿಷನ್ನಿನಲ್ಲೇ ಕಲಿತು ಪಾದ್ರಿಯಾದವರು. ಸಭೆಯ ಕೆಲಸಕ್ಕೆಂದು ಹಳ್ಳಿಹಳ್ಳಿ ಸುತ್ತುತ್ತ ಜನರ ಬಾಯಲ್ಲಿದ್ದ ಸರ್ವಜ್ಞನ ತ್ರಿಪದಿಗಳನ್ನು ಬರೆದುಕೊಂಡರು. 1924ರಲ್ಲಿ ಸಂಪಾದಿಸಿ ಪ್ರಕಟಿಸಿದರು. ಮುಂದೆ ಅನುಭವ ಮಂಟಪದ ಐತಿಹಾಸಿಕತೆಯನ್ನು ಕುರಿತು ಸಂಶೋಧನೆ ನಡೆಸಿದರು. 1949ರಲ್ಲಿ ಗುಲ್ಬರ್ಗದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಕಲಿಸಲು ಹೋದವನು ಮೊದಲು ಜನರಿಂದ ಕಲಿಯಬೇಕು ಎಂಬ ತತ್ವವನ್ನು ಯಾವ ಬಿ.ಎಡ್. ಪಠ್ಯಕ್ಕಿಂತಲೂ ಈ ಬದುಕು ಚೆನ್ನಾಗಿ ಹೇಳುತ್ತದೆ.

1950ರಲ್ಲಿ ಜಾರಿಗೆ ಬಂದ ಸಂವಿಧಾನ ಧಾರವಾಡದ ಆ ಹುಡುಗನಿಗೆ ತೊಂಬತ್ತನಾಲ್ಕು ವರ್ಷ ತಡವಾಗಿ ಉತ್ತರ ಕೊಟ್ಟಿತು. ಸರ್ಕಾರದ ಅಥವಾ ಅನುದಾನ ಪಡೆಯುವ ಶಾಲೆಯಲ್ಲಿ ಧರ್ಮ, ಜಾತಿ, ಭಾಷೆಯ ಕಾರಣಕ್ಕೆ ಪ್ರವೇಶ ನಿರಾಕರಿಸುವಂತಿಲ್ಲ ಎನ್ನುತ್ತದೆ 29ನೇ ವಿಧಿ. ಅನುದಾನಿತ ಶಾಲೆಯಲ್ಲಿ ಒಪ್ಪಿಗೆಯಿಲ್ಲದೆ ಧಾರ್ಮಿಕ ಬೋಧನೆಗೆ ಒಳಪಡಿಸುವಂತಿಲ್ಲ ಎನ್ನುತ್ತದೆ 28ನೇ ವಿಧಿ. ಇಷ್ಟಾಗಿಯೂ ಅಲ್ಪಸಂಖ್ಯಾತರು ತಮ್ಮ ಇಚ್ಛೆಯ ಸಂಸ್ಥೆಗಳನ್ನು ಕಟ್ಟಿ ನಡೆಸುವ ಹಕ್ಕನ್ನು 30ನೇ ವಿಧಿ ಕಾಯ್ದಿದೆ. ಹಿಂದಿನ ತಟಸ್ಥತೆಗೆ ಇಲ್ಲದ ಒಂದು ದರ್ಶನ ಇಲ್ಲಿದೆ.

ಆದರೆ 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಒಂದೇ ಸಂವಿಧಾನ ಪೀಠ ಎರಡು ತೀರ್ಪುಗಳನ್ನು ಕೊಟ್ಟಿತು. ಒಂದರಲ್ಲಿ ಅಲ್ಪಸಂಖ್ಯಾತ ಶಾಲೆಗಳಿಗೆ ಶಿಕ್ಷಣ ಹಕ್ಕು ಕಾಯ್ದೆ ಅನ್ವಯಿಸುವುದಿಲ್ಲ ಎಂದಿತು. ಇನ್ನೊಂದರಲ್ಲಿ, ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಮಾಧ್ಯಮವನ್ನು ಕಡ್ಡಾಯಗೊಳಿಸಿದ್ದ ಕರ್ನಾಟಕದ ನೀತಿಯನ್ನು ತಳ್ಳಿಹಾಕಿ, ಮಾಧ್ಯಮದ ಆಯ್ಕೆಯನ್ನು ಪೋಷಕರಿಗೆ ಬಿಟ್ಟಿತು. ಮೊದಲ ತೀರ್ಪಿನ ಬಗ್ಗೆ ಅದೇ ನ್ಯಾಯಾಲಯದ ದ್ವಿಸದಸ್ಯ ಪೀಠ 2025ರಲ್ಲಿ ಸಂದೇಹ ವ್ಯಕ್ತಪಡಿಸಿತು. ಎರಡನೆಯದರ ಪರಿಣಾಮ ಮಾತ್ರ ನಮ್ಮ ಕಣ್ಣೆದುರಿಗಿದೆ. ರಾಜ್ಯ ಸರ್ಕಾರವೇ 2019ರಲ್ಲಿ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳನ್ನು ಆರಂಭಿಸಲು ಮುಂದಾಯಿತು.

'ಪೋಷಕರ ಆಯ್ಕೆ' ಎಂಬ ಮಾತು ಕೇಳಲು ತಟಸ್ಥವಾಗಿದೆ. ನವಲಗುಂದ ತಾಲ್ಲೂಕಿನ ನನ್ನೂರು ಮೊರಬದಲ್ಲಿ ಅದರ ಅರ್ಥ ಬೇರೆ. ಎರೆಹೊಲವುಳ್ಳವರ ಮಕ್ಕಳು ಬೆಳಿಗ್ಗೆ ಹಳದಿ ವ್ಯಾನು ಹತ್ತಿ ಪಟ್ಟಣದ ಶಾಲೆಗೆ ಹೋಗುತ್ತಾರೆ. ಕಡಲೆ ಕೀಳಲು, ಹತ್ತಿ ಬಿಡಿಸಲು ಹೋಗುವ ಕೂಲಿಯವರ ಮಕ್ಕಳಿಗೆ ಊರ ಶಾಲೆಯೇ ಗತಿ. ಯಾರೂ ಯಾರನ್ನೂ ಹೊರಗೆ ಹಾಕಿಲ್ಲ; ಅರ್ಜಿ ತಿರಸ್ಕರಿಸುವ ಆದೇಶವೂ ಬೇಕಾಗಿಲ್ಲ. 1856ರಲ್ಲಿ ಮೇಲ್ಜಾತಿಯ ಮಕ್ಕಳು ಶಾಲೆ ಬಿಟ್ಟಾರೆಂಬ ಭಯವಿತ್ತು. ಈಗ ಉಳ್ಳವರು ಬಿಟ್ಟೇ ಹೋಗಿದ್ದಾರೆ. (ಸಣ್ಣ ಪಟ್ಟಣಗಳಲ್ಲಿ ಕ್ರೈಸ್ತರಲ್ಲದವರೂ ತಮ್ಮ ಶಾಲೆಗೆ ಇಂಗ್ಲಿಷ್ ಸಂತರ ಹೆಸರಿಡುವುದನ್ನು ಕಂಡಿದ್ದೇನೆ. ಕ್ರೈಸ್ತ ಶಿಕ್ಷಣದಿಂದ ಮಾರುಕಟ್ಟೆ ಎತ್ತಿಕೊಂಡದ್ದು ಫಲಕ ಮತ್ತು ಟೈ ಮಾತ್ರ. ಕ್ರೈಸ್ತ ಸಂಸ್ಥೆಗಳಲ್ಲೂ ಕೆಲವು, ಬಡವರ ಮನೆಮಾತಿನಲ್ಲಿ ಕಲಿಸಬೇಕೆಂಬ ತಮ್ಮ ಹಿರಿಯರ ಹಟವನ್ನು ಮರೆತಂತಿದೆ.)

ಶಿಕ್ಷಕ ಎಲ್ಲಿ ವಾಸಿಸುತ್ತಾನೆ ಎಂಬುದು ಆ ದರ್ಶನದಲ್ಲಿ ಗೌಣ ವಿಷಯವಾಗಿರಲಿಲ್ಲ. ಮಕ್ಕಳ ನಡುವೆ ಇರುವುದೇ ಬೋಧನೆಯ ಅರ್ಧ ಭಾಗ. ನಾನು ಮೊರಬದಲ್ಲಿ ಓದುತ್ತಿದ್ದಾಗ ನಮ್ಮ ಮಾಸ್ತರರು ಊರಲ್ಲೇ ಬಾಡಿಗೆ ಮನೆ ಹಿಡಿದಿದ್ದರು. ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಹತ್ತಿರ ಬಂದಾಗ ರಾತ್ರಿ ಕಂದೀಲಿನ ಬೆಳಕಿನಲ್ಲಿ ಎಲ್ಲ ಓಣಿಯ ಹುಡುಗರನ್ನೂ ಒಂದೇ ಜಮಖಾನೆಯ ಮೇಲೆ ಕೂರಿಸಿ ಲೆಕ್ಕ ಮಾಡಿಸುತ್ತಿದ್ದರು. ಅವರು ಕ್ರೈಸ್ತರಲ್ಲ, ಕೊಮೇನಿಯಸನ ಹೆಸರನ್ನೂ ಕೇಳಿರಲಾರರು. ಇಂದಿನ ಶಿಕ್ಷಕರು ಅವರಿಗಿಂತ ಹೆಚ್ಚು ಓದಿದವರು, ಅವರಲ್ಲಿ ಶ್ರದ್ಧಾವಂತರಿಗೂ ಕೊರತೆಯಿಲ್ಲ. ಆದರೆ ಬಹಳ ಮಂದಿ ಬೆಳಗಿನ ಬಸ್ಸಿಗೆ ಬಂದು ಸಂಜೆಯ ಬಸ್ಸಿಗೆ ಹೋಗುತ್ತಾರೆ.

ಇದಕ್ಕೆ ಅವರನ್ನು ಬೈದು ಪ್ರಯೋಜನವಿಲ್ಲ. ನಮ್ಮ ವರ್ಗಾವಣೆ ವ್ಯವಸ್ಥೆಯನ್ನು ನೋಡಿ: ಶಾಲೆಗಳನ್ನು ವಲಯಗಳಾಗಿ ವಿಂಗಡಿಸಿ, ಹಳ್ಳಿಯಲ್ಲಿ ಕಳೆದ ವರ್ಷಗಳನ್ನು ಹಳ್ಳಿಯಿಂದ ಹೊರಬರುವ ಅರ್ಹತೆಯೆಂದು ಎಣಿಸುತ್ತೇವೆ. ಉಳಿಯಬಯಸುವವನಿಗೆ ಹೆಚ್ಚುವರಿ ಬಡ್ತಿ ವೇತನ, ಶಾಲೆಯ ಪಕ್ಕ ವಾಸಯೋಗ್ಯ ಮನೆ, ಒಂದೇ ಊರಿನಲ್ಲಿ ಹತ್ತು ವರ್ಷ ಇರುವ ಅವಕಾಶ, ಇಷ್ಟನ್ನು ನವಲಗುಂದದಂಥ ಒಂದು ತಾಲ್ಲೂಕಿನಲ್ಲಿ ಪ್ರಯೋಗವಾಗಿ ಮಾಡಿ ನೋಡಬಹುದು. ಹಣಕಾಸು ಇಲಾಖೆಯಿಂದ ಬರುವ ಟಿಪ್ಪಣಿಯನ್ನು ನಾನು ಈಗಲೇ ಊಹಿಸಬಲ್ಲೆ. ಪ್ರಸ್ತಾವ ತಾತ್ವಿಕವಾಗಿ ಸ್ವಾಗತಾರ್ಹ ಎಂದು ಅದು ಆರಂಭವಾಗುತ್ತದೆ.